ಬೇಲಿಯಾಚೆಯ ನಾರು

‘ಕದ್ದೆ’ ಎಂದು ಒಂದೇ ಮಾತು ಹೇಳಿದ್ದರೆ ನಮ್ಮಪ್ಪ ಅವತ್ತು ಸಂಜೆಯೇ ಮನೆಗೆ ಬರುತ್ತಿದ್ದ. ಹೇಳಲಿಲ್ಲ. ಇವತ್ತಿಗೂ ಬಂದಿಲ್ಲ.

ನಾನು ನೀಲಮ. ಅಪ್ಪನ ಹೆಸರು ದಾದಾಸಾಹೇಬ. ಹೆಸರಿನಲ್ಲಿ ಸಾಹೇಬ ಇದ್ದಾನೆ, ಊರಿನ ಬಾಯಲ್ಲಿ ಮಾತ್ರ ಅವನು ದಾದ್ಯಾ. ನಮ್ಮೂರು ಅಕ್ಕೋಳದ ಆಚೆ, ಕಬ್ಬು ಮತ್ತು ತಂಬಾಕಿನ ನಡುವೆ. ಊರಿನ ಗಟಾರವೆಲ್ಲ ಹರಿದು ಬಂದು ಸೇರುವ ಹಳ್ಳದ ದಂಡೆಗೆ ನಮ್ಮ ಕೇರಿ. ನಾವು ಮಾಂಗರು, ಹಗ್ಗ ಹೊಸೆಯುವವರು. ಎತ್ತಿನ ಮೂಗುದಾರ, ಕರುವಿನ ಕಣ್ಣಿ, ಬಾವಿಯ ಹಗ್ಗ, ಊರವರ ತೊಟ್ಟಿಲ ಹಗ್ಗ, ಊರವರ ಚಟ್ಟದ ಹಗ್ಗ, ಎಲ್ಲವೂ ನಮ್ಮ ತೊಡೆಯ ಮೇಲೆ ಹೊಸೆದದ್ದು. ನಮ್ಮ ಹಗ್ಗಕ್ಕೆ ಊರೊಳಗೆ ಎಲ್ಲೆಲ್ಲೂ ಪ್ರವೇಶವಿತ್ತು. ನಮಗೆ ಅಂಗಳದ ತನಕ.

ಬೆಂದೂರ ಎಂದರೆ ನಮ್ಮ ಕಡೆ ಎತ್ತುಗಳ ಹಬ್ಬ. ಆ ದಿನ ಮಾಂಗ ತಂದ ಹೊಸ ಹಗ್ಗ ಕಟ್ಟದೆ ಎತ್ತನ್ನು ತೋರಣದ ಕೆಳಗೆ ದಾಟಿಸುವುದಿಲ್ಲ. ಅಪ್ಪ ಮೊದಲು ಅಣ್ಣಾಸಾಬ ಸಾವ್ಕಾರನ ಅಂಗಳಕ್ಕೆ ಹೋಗಿ ಹಗ್ಗವನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ. ಮನೆಯವರು ಅವನ ಉಡಿಗೆ ಮೇಲಿನಿಂದ ಜೋಳ ಸುರಿಯುತ್ತಿದ್ದರು. ಎಷ್ಟೋ ಕಾಳು ಮಣ್ಣಿಗೆ ಬೀಳುತ್ತಿದ್ದವು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಆರಿಸುತ್ತಿದ್ದ. ನಾನು ಸಣ್ಣವಳಿದ್ದಾಗ ಜೊತೆಗೆ ಕೂತು ಆರಿಸಿದ್ದೇನೆ. ಆಮೇಲೆ ನಿಪ್ಪಾಣಿ ಬಜಾರದಲ್ಲಿ ನೈಲಾನ್ ಹಗ್ಗ ಬಂತು. ಬೆಂದೂರದ ಶಾಸ್ತ್ರಕ್ಕಷ್ಟೇ ನಾವು ಉಳಿದೆವು. ಉಳಿದ ದಿನಗಳಲ್ಲಿ ಅವ್ವ ದ್ರೌಪದಿ ಬೀಡಿ ಕಟ್ಟಿದಳು, ಅಪ್ಪ ಕಬ್ಬು ಕಡಿದ.

ಹೀಗಿರುವಾಗ ಹೆಂಪ್ ಬಂತು.

ಹೆಂಪ್ ಗಾಂಜಾದ ಕುಲದ್ದೇ ಗಿಡ. ನಶೆ ಇಲ್ಲ, ನಾರು ಇದೆ. ಊರವರು ಅದಕ್ಕೆ ‘ಗಾಂಜಾದ ಬಡ ತಮ್ಮ’ ಎಂದು ಹೆಸರಿಟ್ಟು ನಕ್ಕರು. ಪುಣೆಯ ಒಂದು ಕಂಪನಿ ಪ್ರಯೋಗಕ್ಕೆಂದು ಪರವಾನಿಗೆ ತಂದಿತ್ತು. ಬೆಳೆಯುವುದು ಅಣ್ಣಾಸಾಬನ ಹೊಲದಲ್ಲಿ. ಕಂಪನಿಯ ಹುಡುಗ ವಿಕ್ರಾಂತ ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂಡಿಸಿ ನಿಯಮ ಹೇಳಿದ. ನಾವು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಕೇಳಿದೆವು.

“ಬೀಜ ಸರ್ಕಾರ ಒಪ್ಪಿದ್ದ ಇರಬೇಕು. ಗಿಡದಾಗ ನಶಾ ಗೆರಿ ದಾಟಿತಂದ್ರ ಹೊಲಾ ಪೂರ್ತಿ ಸುಡಬೇಕಾಗತೈತಿ. ಸುತ್ತ ತಂತಿ ಬೇಲಿ, ಗೇಟಿಗೆ ಕ್ಯಾಮೆರಾ. ಒಳಗ ದುಡಿಯವ್ರ ಹೆಸರು ಪೊಲೀಸರ ಹಂತ್ಯಾಕ ಇರಬೇಕು. ನಾರು ಬಿಡಾಕ ಕಡ್ಡಿ ನೀರಾಗ ಕೊಳಿ ಹಾಕೂದು ಬೇಲಿ ಒಳಗಿನ ಹೊಂಡದಾಗ, ನಕಾಶಾದಾಗ ತೋರಿಸೇವಿ. ನಾರು ಬಿಡಿಸೂತನಾ ಒಂದ ಕಡ್ಡಿನೂ ಬೇಲಿ ದಾಟಬಾರದು. ದಾಟಿತಂದ್ರ ಅದು ಹೆಂಪ್ ಅಲ್ಲ, ಗಾಂಜಾ.”

ಅಪ್ಪ ಮೆಟ್ಟಿಲ ಮೇಲಿಂದಲೇ ಕೇಳಿದ, “ಸಾಯಬ್ರ, ಹೊಂಡದ ನೀರಿಗೆ ಯಾರ ಇಳೀತಾರ್ರಿ?”

“ನೀವ ಇಳೀಬೇಕಲ್ರಿ ಕಾಕಾ. ನಾರಿನ ಕೆಲಸ ಮತ್ತ ಯಾರಿಗಿ ಬರತೈತಿ?” ಎಂದ ವಿಕ್ರಾಂತ.

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಅಣ್ಣಾಸಾಬ ಮೇಲೆ ತಿರುಗುವ ಫ್ಯಾನನ್ನು ನೋಡಿದ.

ವಿಕ್ರಾಂತ ನಮ್ಮ ಮೂವರ ಫೋಟೋ ಹೊಡೆದುಕೊಂಡು ಹೋಗಿ ಗುರುತಿನ ಚೀಟಿ ತಂದ. ಅಪ್ಪನ ಚೀಟಿಯ ಮೇಲೆ ಪೂರ್ತಿ ಹೆಸರಿತ್ತು. ಅಪ್ಪ ಅದನ್ನು ಕೊರಳಿಗೆ ಹಾಕಿಕೊಂಡೇ ಮಲಗಿದ. ಅವ್ವ ನಕ್ಕಳು, “ತಾಳಿ ಕಟ್ಟಿಸ್ಕೊಂಡಾಂಗ ಕಾಣತೀರಿ.” ಅಪ್ಪನೂ ನಕ್ಕ. ನಮಗೂ ಒಂದು ಕೆಲಸ, ಅದೂ ನಮ್ಮದೇ ಕೆಲಸ, ತಿರುಗಿ ಬಂತೆಂದು ನಾವು ಮೂವರೂ ಮಳ್ಳರಂತೆ ನಂಬಿದೆವು.

ಬೆಳೆ ಆಳೆತ್ತರ ಮೀರಿ ನಿಂತಿತು. ಕೊಯ್ದೆವು. ಕೈಯೆಲ್ಲ ತರಚಿತು. ಹೊರೆ ಕಟ್ಟಿ ಹೊಂಡದ ದಂಡೆಗೆ ಒಟ್ಟಿದೆವು. ಅಪ್ಪ ಧೋತರ ಮೇಲೆ ಕಟ್ಟಿ ನೀರಿಗೆ ಕಾಲಿಡಬೇಕು, ಅಷ್ಟರಲ್ಲಿ ಅಣ್ಣಾಸಾಬ ಬಂದ.

“ದಾದ್ಯಾ, ತಡಿ. ಹೊಂಡಕ್ಕ ಇಳೀಬ್ಯಾಡ.”

ಆ ಹೊಂಡದ ದಂಡೆಗೆ ಅವನ ಮನೆತನದ ಜಕ್ಕವ್ವನ ಗುಡಿ ಇದೆ. ದೇವಿಯನ್ನು ಮೀಯಿಸುವುದು ಅದೇ ನೀರಿನಲ್ಲಿ. ಅವನ ಎಮ್ಮೆಗಳು ಇಳಿಯುವುದೂ ಅದೇ ನೀರಿಗೆ. ಎಮ್ಮೆ ಉಚ್ಚೆ ಹೊಯ್ದರೆ ದೇವಿಗೆ ಮೈಲಿಗೆಯಿಲ್ಲ.

“ನನಗ ಜಾತಿಗೀತಿ ಏನಿಲ್ಲಪಾ,” ಎಂದ ಅಣ್ಣಾಸಾಬ. “ಮನ್ಯಾಗ ಹಿರ್ಯಾರ ಅದಾರು. ಊರ ಮಂದಿ ಏನಂದಾರು? ನಿಮ್ಮ ಕೇರಿ ಹಳ್ಳದಾಗ ಹಾಕ್ರಿ. ಹಗ್ಗದ ಪುಂಡಿನಾರು ಅಲ್ಲೇ ಕೊಳಿ ಹಾಕತಿದ್ರಲ, ಹಿರ್ಯಾರ ಕಾಲದಿಂದ?”

“ಬೇಲಿ ದಾಟಬಾರದು ಅಂತ ಕಂಪನಿ ಸಾಯಬ್ರು ಹೇಳ್ಯಾರಲ್ರಿ, ಧಣಿ.”

“ಬೇಲಿ ಯಾರದಲೇ? ಪರವಾನಿಗಿ ಯಾರ ಹೆಸರೀಲೆ ಐತಿ? ನಾ ಅದೀನಿ, ನೀ ಹೋಗು.”

ಅಪ್ಪ ಹೋದ. ತಪ್ಪು ಆಗಿದ್ದು ಅಲ್ಲಿಯೇ. ನಮ್ಮವರು ಎಂದೂ ಊರ ನೀರಿಗೆ ಇಳಿದವರಲ್ಲ. ನಾರಿನ ಕೆಲಸ ಎಂದರೆ ಕೇರಿಯ ಹಳ್ಳ. ಕಂಪನಿಯ ನಿಯಮ ನಿನ್ನೆ ಮೊನ್ನೆಯದು. ಇದು ಎಲುಬಿಗೆ ಹತ್ತಿದ ನಿಯಮ. ಎರಡರಲ್ಲಿ ಯಾವುದನ್ನು ಮುರಿಯಬೇಕು ಎಂದಾಗ ಅಪ್ಪ ಹೊಸದನ್ನು ಮುರಿದ. ಅದು ಸರ್ಕಾರದ್ದು ಎಂದು ತಿಳಿದೂ ಮುರಿದ. ಕೊರಳಲ್ಲಿದ್ದ ಚೀಟಿ ಬೇಲಿಯೊಳಗೆ ಹೋಗಲು ಬಿಟ್ಟಿತ್ತು, ನೀರಿಗೆ ಇಳಿಯಲು ಬಿಡಲಿಲ್ಲ.

ಸಾವ್ಕಾರನ ಟ್ರ್ಯಾಕ್ಟರ್ ಹೊಡೆಯುವ ಮಾಳೇಶ ಹೊರೆಗಳನ್ನೆಲ್ಲ ಹೇರಿಕೊಂಡು ಹಳ್ಳಕ್ಕೆ ತಂದು ಚೆಲ್ಲಿದ. ಹಾಡಹಗಲು. ಊರೆಲ್ಲ ನೋಡಿತು.

ಕೊಳೆ ಹಾಕುವ ಕೆಲಸ ನೋಡಿದವರಿಗೇ ಗೊತ್ತು. ಹೊರೆಗಳನ್ನು ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ತೊಗಟೆ ಕೊಳೆಯುವ ತನಕ ಬಿಡಬೇಕು. ಆಮೇಲೆ ಅದೇ ನೀರಿನಲ್ಲಿ ಸೊಂಟದ ತನಕ ನಿಂತು, ಕಡ್ಡಿ ಬಡಿದು, ನಾರು ಸುಲಿಯಬೇಕು. ಒಂದು ದಿನ ಮೊದಲು ತೆಗೆದರೆ ಸಿಪ್ಪೆ ಬಿಡುವುದಿಲ್ಲ. ಎರಡು ದಿನ ತಡವಾದರೆ ನಾರು ಅಂಬಲಿಯಾಗುತ್ತದೆ. ನೀರು ಕಪ್ಪಾಯಿತು. ಸತ್ತ ಹೆಗ್ಗಣದ ವಾಸನೆ. ಕಾಲ್ಬೆರಳ ಸಂದು ಬಿರಿದವು. ಉಗುರಿನ ಸುತ್ತ ಚರ್ಮ ಬೆಳ್ಳಗಾಗಿ ಕಿತ್ತು ಬಂತು. ಮುಟ್ಟಿನ ದಿನಗಳಲ್ಲೂ ನಾನು ಆ ನೀರಿಗೆ ಇಳಿದೆ. ಉಣ್ಣಲು ಕೈ ಬಾಯಿಯ ಹತ್ತಿರ ತಂದರೆ ವಾಕರಿಕೆ ಬರುತ್ತಿತ್ತು, ಚಮಚೆಯಲ್ಲಿ ಉಂಡೆವು. ಆದರೂ ಮೊದಲ ಹೊರೆಯ ನಾರು ಸುಲಿದು ತೊಳೆದು ಬೇಲಿಕಂಟಿಯ ಮೇಲೆ ಹರವಿದಾಗ ಅಪ್ಪ ಅದರ ಮುಂದೆ ನಿಂತೇಬಿಟ್ಟ. ಅಜ್ಜಿಯ ಕೂದಲಿನಂತೆ ಬೆಳ್ಳಗಿತ್ತು. ಒಂದೆಳೆ ಹಿಡಿದು ಜಗ್ಗಿದ. ಹರಿಯಲಿಲ್ಲ.

“ಈ ಬೆಂದೂರಕ್ಕ ಇದರದ ಹಗ್ಗಾ ಹೊಸೀತೀನಿ,” ಎಂದ.

ಮರುದಿನ ಪೊಲೀಸರ ಜೀಪು ಬಂತು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಇಳಿದವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಇಳಿದರು. ಒಬ್ಬ ಒಂದು ಕಡ್ಡಿ ಎಳೆದು ನೋಡಿದ. ತುದಿಗೆ ನಾಲ್ಕು ಕೊಳೆತ ಎಲೆ ಅಂಟಿದ್ದವು.

“ಬೇಲಿ ಹೊರಗ ಹೆಂಗ ಬಂತಿದು?”

“ಸಾವ್ಕಾರ್ರು ಕಳಿಸ್ಯಾರ್ರಿ,” ಎಂದ ಅಪ್ಪ. ಅವನು ಇನ್ನೂ ನೀರಿನಲ್ಲೇ ಇದ್ದ.

ಅಣ್ಣಾಸಾಬನನ್ನು ಕರೆಸಿದರು. ಅವನು ಹಳ್ಳ ನೋಡಿದ, ಹೊರೆ ನೋಡಿದ, ಎದೆ ಬಡಿದುಕೊಂಡ. “ಅಯ್ಯಯ್ಯೋ, ನನ್ನ ಮಾಲು ಕದ್ದು ತಂದಾರಲ್ರಿ! ಕೆಲಸಾ ಕೊಟ್ಟದ್ದಕ್ಕ ಇದು ನೋಡ್ರಿ ಬಹುಮಾನ!”

ಅಪ್ಪ ನೀರಿನಿಂದ ದಂಡೆಗೆ ಹತ್ತಿ ಬಂದ.

ನಾನು ಕೂಗಿದೆ, “ಮಾಳೇಶನ ಕೇಳ್ರಿ! ಟ್ರ್ಯಾಕ್ಟರ್ ಅಂವನ ಹೊಡದಾನ!”

ಮಾಳೇಶನನ್ನು ಕೇಳಿದರು. “ನಾ ಊರಾಗ ಇರಲಿಲ್ರಿ. ಅಕ್ಕನ ಊರಿಗಿ ಹೋಗಿದ್ದೆ,” ಎಂದ. ಅವನು ಕೆಟ್ಟವನಲ್ಲ. ಅಣ್ಣಾಸಾಬನ ಅನ್ನ ಉಣ್ಣುತ್ತಾನೆ, ಅಷ್ಟೆ. ಗೇಟಿನ ಕ್ಯಾಮೆರಾ ನೋಡಿ ಎಂದೆ. ಆ ವಾರ ಕರೆಂಟ್ ಇರಲಿಲ್ಲ ಎಂದರು. ಊರೆಲ್ಲ ನೋಡಿತ್ತಲ್ಲ, ಊರನ್ನು ಕೇಳಿ ಎಂದೆ. ಊರು ಬಾಗಿಲು ಹಾಕಿಕೊಂಡಿತ್ತು.

ಬೇಡಿ ತಂದಿರಲಿಲ್ಲ. ನಮ್ಮ ಆಡಿನ ಗೂಟದಿಂದ ಕಣ್ಣಿ ಬಿಚ್ಚಿಕೊಂಡು ಅದರಿಂದಲೇ ಅಪ್ಪನ ಕೈ ಕಟ್ಟಿದರು. ಅದು ನಾನು ಹೊಸೆದ ಕಣ್ಣಿ. ಗಟ್ಟಿಯಾಗಿತ್ತು. ಅಪ್ಪನ ಮೈಮೇಲೆ ಒದ್ದೆ ಚಡ್ಡಿ, ಕೊರಳ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ಅವ್ವ ಧೋತರ ಹಿಡಿದು ಜೀಪಿನ ಹಿಂದೆ ಓಡಿದಳು. ನಿಲ್ಲಿಸಲಿಲ್ಲ. ಹಾಗೇ ಊರ ನಡುವೆ ಒಯ್ದರು. ಜನ ಮೂಗು ಮುಚ್ಚಿಕೊಂಡು ನೋಡಿದರು.

ಹಳ್ಳದ ಸುತ್ತ ಹಳದಿ ಪಟ್ಟಿ ಕಟ್ಟಿ, ಮುಟ್ಟಬಾರದೆಂದು ಹೇಳಿ ಹೋದರು. ಹರವಿದ್ದ ನಾರನ್ನೂ ಚೀಲಕ್ಕೆ ತುಂಬಿಕೊಂಡು ಹೋದರು.

ಅಣ್ಣಾಸಾಬ ಅವ್ವನನ್ನು ಕರೆಸಿದ. ನಾನೂ ಹೋದೆ. ಅವನು ಕಟ್ಟೆಯ ಮೇಲೆ, ನಾವು ಅಂಗಳದಲ್ಲಿ.

“ದ್ರೌಪದಿ, ನಾ ಕಟುಕ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ ಹಾದಿ ಹುಡಕೇನಿ. ಒಲಿಗಿ ಕಟಗಿ ಇರಲಿಲ್ಲ, ಕದ್ದೆ ಅಂತ ಅನ್ನಲಿ ಅಂವ. ಕಟಗಿ ಕಳವು ಅಂತ ಬರ್ಕೋತಾರ. ಅದಕ್ಕ ಏನ ಆಗತೈತಿ? ನಾನ ಹೋಗಿ ಮಾಫ್ ಮಾಡೇನಿ ಅಂತ ಹೇಳಿ ಸಂಜೀಕ ಕರ್ಕೊಂಡ ಬರತೀನಿ. ಕದ್ದಿಲ್ಲ ಅಂದ್ರ ಮತ್ತ ಅವನ ಹಂತ್ಯಾಕ ಹೆಂಗ ಬಂತು? ಅವನ ಬೆಳದಾನ ಅಂತ ಆಗತೈತಿ. ಅದು ಗಾಂಜಾ ಕೇಸು. ಜಾಮೀನ ಸಿಗೂದಿಲ್ಲ.”

“ಸಾವ್ಕಾರ, ಟ್ರ್ಯಾಕ್ಟರ್ ನಿಮ್ಮದಲ್ರಿ?” ಎಂದೆ ನಾನು.

ಅವನು ನನ್ನ ಕಡೆ ನೋಡಲೇ ಇಲ್ಲ. “ಮಗಳಿಗಿ ತಿಳಿಸಿ ಹೇಳು,” ಎಂದು ಅವ್ವನಿಗೆ ಹೇಳಿ ಒಳಗೆ ಹೋದ.

ಠಾಣೆಯಲ್ಲಿ ಅಪ್ಪನಿಗೆ ಯಾರದೋ ಹಳೆಯ ಶರ್ಟು ಕೊಟ್ಟಿದ್ದರು. ತುಟಿ ಊದಿತ್ತು. ಕಾಲಿನ ಬಿರುಕುಗಳು ಒಣಗಿ ರಕ್ತ ಕಪ್ಪಾಗಿತ್ತು. ಅವ್ವ ಸಾವ್ಕಾರನ ಮಾತನ್ನೆಲ್ಲ ಹೇಳಿದಳು. ಕಡೆಗೆ, “ಅಂದಬಿಡ್ರಿ. ಒಂದ ಮಾತಲ್ಲೇನು? ಗಾಳಿಗಿ ಹೋಗ್ತೈತಿ,” ಎಂದಳು.

ಅಪ್ಪ ಊದಿದ ತುಟಿಯನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ಹೇಳಿದ.

“ನಮ್ಮ ಮುತ್ಯಾ ದಿನಾ ಚಾವಡಿಗಿ ಹೋಗಿ ಹಾಜರಿ ಕೊಡತಿದ್ದ. ಕದ್ದಿದ್ದಕ್ಕಲ್ಲ, ಮಾಂಗ ಅಂತ. ಮಾಂಗ ಅಂದ್ರ ಕಳ್ಳ ಅಂತ ಇಂಗ್ರೇಜರ ಸರ್ಕಾರನ ಬರದಿತ್ತು. ಊರಾಗ ಕೋಳಿ ಕಳದ್ರ ಅವನ ಬೆನ್ನ ಬಿಚ್ಚತಿದ್ರು. ಆ ಬಾಸಳ ನಾ ಸಣ್ಣಾಂವಿದ್ದಾಗ ಕೈ ಆಡಿಸಿ ನೋಡೀನಿ. ಬಡಿಸ್ಕೊಂಡ, ಖರೇ. ಒಮ್ಮಿನೂ ಕದ್ದೆ ಅನ್ನಲಿಲ್ಲ. ಇವತ್ತ ನಾ ಅಂದ್ರ ಅವನ ಬೆನ್ನಿಗಿ ಬಿದ್ದದ್ದೆಲ್ಲಾ ಖರೇ ಆಗತೈತಿ.”

“ಸತ್ತವ್ರ ಬೆನ್ನ ಸಲುವಾಗಿ ಇದ್ದವ್ರನ್ನ ಸಾಯ್ಸತೀಯೇನು?” ಎಂದಳು ಅವ್ವ. ಅವಳು ಅಪ್ಪನಿಗೆ ಏಕವಚನ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಿನ್ನ ಮಾನ ಉಪ್ಪ ಹಚ್ಚಿ ತಿನ್ನು!”

ಅಪ್ಪ ಅಧಿಕಾರಿಯ ಕಡೆ ತಿರುಗಿದ. ಎದ್ದು ನಿಂತ.

“ಗಾಂಜಾ ಅಂತ ಬರ್ಕೋರಿ, ಸಾಯಬ್ರ. ಏನ ಬೇಕಾದ್ದ ಬರ್ಕೋರಿ. ಕಳ್ಳ ಅಂತ ನಾ ಅನ್ನೂದಿಲ್ಲ. ಹಳ್ಳದಾಗ ಹಾಕು ಅಂದ್ರು, ಹಾಕೀನಿ. ಊರ ನೀರಿಗಿ ನನ್ನ ಕಾಲ ನಡೀಲಿಲ್ಲ, ಅದನ್ನೂ ಬರ್ಕೋರಿ.”

“ಅದನ್ನ ಬರೀಲಿಕ್ಕೆ ಇದರಾಗ ಜಾಗಾ ಇಲ್ಲ,” ಎಂದ ಅಧಿಕಾರಿ. ಕುಹಕದಿಂದ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದ.

ನಾನೂ ಅವತ್ತು ಅವ್ವನ ಕಡೆಗೇ ಇದ್ದೆ. ಅನ್ನಲಿ, ಮನೆಗೆ ಬರಲಿ ಎಂದೇ ನನ್ನ ಹೊಟ್ಟೆ ಕೂಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಅವ್ವ ಹಣೆಯನ್ನು ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದುಕೊಂಡಳು. ನಾನು ತಡೆಯಲಿಲ್ಲ.

ಅಪ್ಪನನ್ನು ಬೆಳಗಾವಿ ಜೈಲಿಗೆ ಒಯ್ದರು. ಆ ಗಿಡದಲ್ಲಿ ನಶೆ ಇಲ್ಲವೆಂದು ಬೆಳೆಸಿದವರಿಗೂ ಗೊತ್ತು, ಹಿಡಿದವರಿಗೂ ಗೊತ್ತು. ಪರೀಕ್ಷೆಗೆ ಕಳಿಸಿದ್ದರ ಉತ್ತರ ಬಂದಿಲ್ಲ. ಬಂದರೂ ಉಪಯೋಗವಿಲ್ಲ ಎನ್ನುತ್ತಾನೆ ಕೋರ್ಟು ಅಪ್ಪನಿಗೆ ಕೊಟ್ಟ ವಕೀಲ. ಪ್ರಶ್ನೆ ನಶೆಯದ್ದಲ್ಲವಂತೆ, ಬೇಲಿಯದ್ದಂತೆ. ಬೇಲಿಯೊಳಗೆ ಅದು ಬೆಳೆ, ಬೇಲಿಯಾಚೆ ಅದು ಗಾಂಜಾ. ನಿಪ್ಪಾಣಿಯ ಸುತ್ತ ಹೊಲಹೊಲ ತಂಬಾಕು ನಿಂತಿದೆ. ಬೀಡಿ ಕಟ್ಟಿ ಕಟ್ಟಿ ಅವ್ವನ ಎದೆ ಸೀಳುವ ಕೆಮ್ಮು ಹತ್ತಿದೆ. ಅದಕ್ಕೆ ಬೇಲಿಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ಅಣ್ಣಾಸಾಬನ ಪರವಾನಿಗೆಗೆ ಏನೂ ಆಗಲಿಲ್ಲ. ತನ್ನ ಬೆಳೆ ಕದ್ದವನನ್ನು ಹಿಡಿದುಕೊಟ್ಟ ಜವಾಬ್ದಾರಿ ರೈತ ಅವನು. ಇನ್ನು ಮುಂದೆ ಹೊಂಡದಲ್ಲೇ ಕೊಳೆ ಹಾಕಬೇಕೆಂದು ಕಂಪನಿಯವರು ತಾಕೀತು ಮಾಡಿದರಂತೆ. ಎರಡನೆಯ ಬೆಳೆಗೆ ಬೇರೆ ಕಡೆಯಿಂದ ಆಳು ತರಿಸಿದರು. ಅವರು ನಮ್ಮ ಜಾತಿಯವರಲ್ಲ. ಮೊಣಕಾಲ ಬೂಟು ಹಾಕಿಕೊಂಡು ಹೊಂಡಕ್ಕೆ ಇಳಿದರು. ಹೊಂಡ ನಾರಿತು, ನೀರು ಕಪ್ಪಾಯಿತು. ಜಕ್ಕವ್ವ ಏನೂ ಅನ್ನಲಿಲ್ಲ.

ನಮ್ಮನ್ನು ಕೂಲಿಗಾದರೂ ಕರೆಯಿರೆಂದು ಕೇಳಲು ನಾನು ಗೇಟಿಗೆ ಹೋಗಿದ್ದೆ. ವಿಕ್ರಾಂತ ನೆಲ ನೋಡುತ್ತ ಬಂದ. “ಕೇಸ್ ಇದ್ದ ಮನೀಯವ್ರನ್ನ ಒಳಗ ಬಿಡಾಕ ಬರೂದಿಲ್ಲ ತಾಯಿ. ನಿಯಮ ಐತಿ. ಮಾಝ್ಯಾ ಹಾತಾತ ಕಾಹೀ ನಾಹೀ. ನನ್ನ ಕೈಯಾಗ ಏನೂ ಇಲ್ಲ,” ಎಂದು ನಮ್ಮ ಚೀಟಿಗಳನ್ನು ತಿರುಗಿ ಕೇಳಿದ. ಅಪ್ಪನ ಚೀಟಿ ನಮ್ಮ ಹತ್ತಿರ ಇರಲಿಲ್ಲ. ಅದು ಜೀಪಿನಲ್ಲೇ ಹೋಗಿತ್ತು.

ಕೇರಿಯ ಹಳ್ಳದಲ್ಲಿ ಉಳಿದಿದ್ದ ಹೊರೆಗಳು ಅಲ್ಲೇ ಕೊಳೆತವು. ಮುಟ್ಟಿದರೆ ನಮ್ಮ ಮೇಲೂ ಕೇಸು. ಪಟ್ಟಿ ಕಟ್ಟಿಹೋದವರು ತಿರುಗಿ ಬರಲಿಲ್ಲ. ಅವ್ವ ಎಷ್ಟೋ ಸಲ ಪಟ್ಟಿಯ ಹತ್ತಿರ ನಿಂತು ನೋಡಿ ಬಂದಳು. ಮೊದಲು ನೀರಿನ ಮೇಲೆ ನೊರೆ ಬಂತು. ಆಮೇಲೆ ನಾರು ಲೋಳೆಯಾಯಿತು, ಹುಳ ಬಿತ್ತು. ಆ ವಾಸನೆ ಒಲೆಯ ತನಕ ಬಂತು. ಮಳೆಗೆ ಹಳ್ಳ ಏರಿ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು.

ಬೆಂದೂರ ಹತ್ತಿರ ಬಂದಾಗ ಮಾಳೇಶ ನಮ್ಮ ಬಾಗಿಲಿಗೆ ಬಂದ. ತಲೆ ಎತ್ತಲಿಲ್ಲ.

“ದ್ರೌಪದಕ್ಕಾ, ಸಾವ್ಕಾರ್ರು ಹಗ್ಗಾ ಕೇಳ್ಯಾರ. ಶಾಸ್ತ್ರ ಬಿಡಬಾರದಂತ. ನೀವು ಹಗ್ಗಾ ತಂದ್ರ ವಕೀಲಗ ಒಂದ ಮಾತ ಹೇಳತಾರಂತ. ಅವ್ರು ಹೇಳಿಕಿ ಸಡಲ ಮಾಡಿದ್ರ ದಾದ್ಯಾ ಅಣ್ಣ ಹೊರಗ ಬಂದಾನು.”

“ನೀ ಊರಾಗ ಯಾವಾಗ ಬಂದೆಪಾ?” ಎಂದಳು ಅವ್ವ. “ಅಕ್ಕನ ಊರಾಗ ಇದ್ದೆಲ್ಲ?”

ಮಾಳೇಶ ಅತ್ತುಬಿಟ್ಟ. ಅತ್ತರೂ ಸಾಕ್ಷಿ ಹೇಳುತ್ತೇನೆ ಎನ್ನಲಿಲ್ಲ. ಅವನು ಹೋದ ಮೇಲೆ ಅವ್ವ ನನ್ನ ಕಡೆ ನೋಡಿದಳು. ನಿಪ್ಪಾಣಿಯಲ್ಲಿ ಪುಂಡಿನಾರು ಸಿಗಬಹುದೇ ಎಂದು ಕೇಳಿದಳು. ಅವಳ ಕಣ್ಣಲ್ಲಿ ಆಸೆ ಇತ್ತು. ನನಗೆ ಮೈ ಉರಿಯಿತು, ಆದರೆ ನನಗೂ ಆಸೆ ಇತ್ತು. ಅಪ್ಪನನ್ನೇ ಕೇಳೋಣ ಎಂದು ಬೆಳಗಾವಿ ಜೈಲಿಗೆ ಮೊದಲ ಸಲ ಭೇಟಿಗೆ ಹೋದೆವು.

ಜಾಲರಿಯ ಆಚೆ ಅಪ್ಪ ಸಣ್ಣಗಾಗಿದ್ದ. ಅಂಗೈ ಜಾಲರಿಗೆ ಹಚ್ಚಿದ. ಜಡ್ಡುಗಟ್ಟಿದ್ದ ಚರ್ಮವೆಲ್ಲ ಉದುರಿ ಅಂಗೈ ಬಾಣಂತಿಯದರಂತೆ ಮೆತ್ತಗಾಗಿತ್ತು. ಅವನ ಮೊಣಕೈಗೆ ಹೊಸ ಗಾಯ.

“ಕಂಬಳಿ ಎಳಿ ಕಿತ್ತು ತೊಡಿ ಮ್ಯಾಲ ಹೊಸದೆ. ಸುಮ್ಮಕುಂತ್ರ ಕೈ ಕೇಳೂದಿಲ್ಲ,” ಎಂದ. “ಜೈಲಾಗ ಹಗ್ಗಾ ಹೊಸೀಬಾರದಂತ. ಉರ್ಲ ಹಾಕ್ಕೋತಾರಂತ. ಅದಕ್ಕ ಬಡದ್ರು. ಕಂಬಳಿನೂ ಕಸ್ಕೊಂಡ್ರು.”

ಅವ್ವ ಮಾಳೇಶ ಬಂದದ್ದನ್ನು, ಸಾವ್ಕಾರನ ಮಾತನ್ನು ಹೇಳಲು ಬಾಯಿ ತೆಗೆದಳು. ಅಷ್ಟರಲ್ಲಿ ಅಪ್ಪ ಜಾಲರಿಗೆ ಮುಖ ಒತ್ತಿ ಕೇಳಿದ. ಇಷ್ಟು ದಿನ ಅದೊಂದನ್ನೇ ಬಾಯಲ್ಲಿಟ್ಟುಕೊಂಡು ಕೂತಿದ್ದವನಂತೆ ಕೇಳಿದ.

“ಹಳ್ಳದಾಗಿಂದು ನಾರು ತಗದ್ರಿಲ್ಲೋ? ತಡಾ ಆಗಲಿಲ್ಲಲ್ಲ?”

ಅವ್ವ ನನ್ನ ಕೈ ಹಿಡಿದಳು. ಉಗುರು ಚುಚ್ಚುವಷ್ಟು ಗಟ್ಟಿಯಾಗಿ ಹಿಡಿದಳು.

“ತಗದೇವ್ರಿ,” ಎಂದಳು. “ಛಲೋ ಬಂದೈತಿ. ಬೆಳ್ಳಗ.”

ಅಪ್ಪನ ಮುಖ ಅರಳಿತು. ತೊಡೆಯ ಮೇಲೆ ಅಂಗೈ ಒಂದು ಸಲ ಉಜ್ಜಿದ, ಎಳೆ ಹೊಸೆಯುವವನಂತೆ. ಆಮೇಲೆ ಜೈಲಿನವನ ಕಡೆ ನೋಡಿ ಕೈ ಹಿಂದೆ ಸರಿಸಿದ.

“ಹಂಗಾರ ಕೇಳು. ಈ ಬೆಂದೂರಕ್ಕ ಸಾವ್ಕಾರನ ಅಂಗಳಕ್ಕ ಹಗ್ಗಾ ಒಯ್ಯಬ್ಯಾಡ್ರಿ. ಏನ ಕೊಡತೀನಿ ಅಂದ್ರೂ ಒಯ್ಯಬ್ಯಾಡ್ರಿ. ನನ್ನ ಬಿಡಸ್ತೀನಿ ಅಂದ್ರೂ. ಅವನ ಎತ್ತ ಈ ವರ್ಷ ನಮ್ಮ ಹಗ್ಗ ಇಲ್ದ ದಾಟಲಿ.”

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಾಳೇಶ ಬಂದದ್ದನ್ನು ಹೇಳಲೇ ಇಲ್ಲ.

“ಒಯ್ಯೂದಿಲ್ಲ ಬಿಡ್ರಿ,” ಎಂದಳು.

ಒಯ್ಯಲು ನಮ್ಮ ಮನೆಯಲ್ಲಿ ಒಂದೆಳೆ ನಾರೂ ಇರಲಿಲ್ಲ.